ಹಿಮ ಬಾರದ ಗುಲ್ಮರ್ಗ

ಮಳೆ ಬಂದರೂ ಕೇಡಲ್ಲ, ಮಗ ಉಂಡರೂ ಕೇಡಲ್ಲ ಎಂಬುದು ನಮ್ಮ ನಾಡಿನ ಹಳೆಯ ಮಾತು. ಮೃಗಶಿರೆ ಕಳೆದು ಆರಿದ್ರೆ ಹುಟ್ಟಿದರೂ ಮೋಡ ಕಟ್ಟದಿದ್ದಾಗ ಮಲೆನಾಡಿನ ಗೃಹಸ್ಥನು ಜಗಲಿಯ ಮೇಲೆ ಕುಳಿತು ಪಡುವಣ ದಿಕ್ಕನ್ನೇ ನೋಡುತ್ತಿರುವ ಪರಿಯನ್ನು ನಮ್ಮ ವಾಚಕರು ಬಲ್ಲರು. ಅದೇ ಬಗೆಯ ಆತಂಕದಿಂದ, ಮಳೆಗಾಗಿ ಅಲ್ಲ, ಹಿಮಕ್ಕಾಗಿ ಪಡುವಣವನ್ನು ನೋಡುತ್ತ ಕುಳಿತಿರುವ ಜನರೂ ನಮ್ಮ ದೇಶದಲ್ಲಿಯೇ ಇರುವರು. ಅವರ ನಡುವೆ ನಾಲ್ಕು ದಿನಗಳನ್ನು ಕಳೆಯುವ ಯೋಗವು 2024ನೆಯ ಇಸವಿಯ ಜನವರಿ ತಿಂಗಳಲ್ಲಿ ನಮಗೆ ಒದಗಿತು. ಆಗ ಕಂಡುದನ್ನೂ, ಅದರ ತರುವಾಯ ಓದಿ ತಿಳಿದುದನ್ನೂ ಇಲ್ಲಿ ಅರಿಕೆಮಾಡುವೆವು.

ನಮ್ಮ ಹಿರಿಯ ಮಗನಿಗೆ ಆಗ ಹದಿನಾಲ್ಕು ವರ್ಷ. ಹಿಮದ ಮೇಲೆ ಸ್ಕೀ ಆಡುವವರ ಚಿತ್ರಗಳನ್ನು ನೋಡಿ ನೋಡಿ ಅವನಿಗೆ ಅದೊಂದು ಹುಚ್ಚೇ ಹಿಡಿದಿದ್ದಿತು. ಸ್ಕೀ ಎಂದರೆ ಬೇರೆ ಏನೂ ಅಲ್ಲ. ಕಾಲಿನ ಗಡಸು ಬೂಟಿಗೆ ಬಿಗಿದುಕೊಳ್ಳುವ, ಮೂಗು ಮೇಲಕ್ಕೆ ಬಾಗಿದ, ಸುಮಾರು ಆಳುದ್ದದ ಎರಡು ಕಿರಿಯ ಹಲಗೆಗಳು. ಇವುಗಳನ್ನು ಕಟ್ಟಿಕೊಂಡು, ಎರಡು ಕೈಗಳಲ್ಲಿಯೂ ಊರುಗೋಲು ಹಿಡಿದು, ಬೆಟ್ಟದ ನೆತ್ತಿಯಿಂದ ಹಿಮದ ಮೇಲೆ ಜಾರುತ್ತ ಇಳಿಯುವುದು ಒಂದು ಬಗೆ. ಹೆಚ್ಚಾಗಿ ಸಮನಾದ ನೆಲದ ಮೇಲೆ ಹರದಾರಿಗಟ್ಟಲೆ ಜಾರುನಡೆಯಿಂದ ಸಾಗುವುದು ಮತ್ತೊಂದು ಬಗೆ. ಹತ್ತನೆಯ ತರಗತಿಯ ಓದಿನ ಭಾರವು ತಲೆಯ ಮೇಲೆ ಬೀಳುವ ಮೊದಲು ಹುಡುಗನ ಆಸೆಯನ್ನೊಂದು ಸಲ ತೀರಿಸೋಣವೆಂದು ನಮ್ಮ ಮನೆಯವರು ಹೇಳಿದರು. ಎರಡು ವರ್ಷ ಹಣ ಕೂಡಿಟ್ಟು, ರಜೆ ಹೊಂದಿಸಿಕೊಂಡು, ಮೈಸೂರಿನಿಂದ ಹೊರಟು ಜನವರಿಯ ಎರಡನೆಯ ವಾರದಲ್ಲಿ ಶ್ರೀನಗರವನ್ನು ಸೇರಿದೆವು.

ಗುಲ್ಮರ್ಗವು ಶ್ರೀನಗರಕ್ಕೆ ಸುಮಾರು 50 ಕಿಲೋಮೀಟರು ದೂರದಲ್ಲಿ, ಸಮುದ್ರಮಟ್ಟಕ್ಕೆ ಸುಮಾರು 2,650 ಮೀಟರು ಎತ್ತರದಲ್ಲಿರುವ ಒಂದು ಬಟ್ಟಲಿನಂತಹ ಹುಲ್ಲುಗಾವಲು. ಹೆಸರಿಗೆ ಹೂವಿನ ಬಯಲೆಂದು ಅರ್ಥ. ಸುತ್ತಲೂ ದೇವದಾರು, ಪೈನ್ ಮರಗಳ ಕಾಡು. ಮೇಲೆ ಅಫರ್ವಟ್ ಎಂಬ ಪರ್ವತ. ಆಂಗ್ಲ ಸೇನಾಧಿಕಾರಿಗಳು 1927ರಲ್ಲಿ ಇಲ್ಲಿ ಸ್ಕೀ ಸಂಘವೊಂದನ್ನು ಸ್ಥಾಪಿಸಿದರು. ಸ್ವಾತಂತ್ರ್ಯಾನಂತರ ನಮ್ಮ ಸೈನ್ಯದವರು ಹಿಮಪ್ರದೇಶದ ಯುದ್ಧಕ್ರಮವನ್ನು ಕಲಿಸುವ ಶಾಲೆಯನ್ನು 1948ರಲ್ಲಿ ಇಲ್ಲಿಯೇ ತೆರೆದರು. 1998ರಲ್ಲಿ ಗೊಂಡೋಲಾ ಎಂದು ಕರೆಯಲ್ಪಡುವ ತಂತಿಹಾದಿಯ ತೊಟ್ಟಿಲುಗಳು ಕೊಂಗ್ಡೂರಿಯವರೆಗೂ, 2005ರಲ್ಲಿ ಅಲ್ಲಿಂದ ಮೇಲೆ ನಾಲ್ಕು ಸಾವಿರ ಮೀಟರಿಗೆ ಸಮೀಪವಾದ ಅಫರ್ವಟ್‌ನ ಹೆಗಲಿನವರೆಗೂ ಓಡಲಾರಂಭಿಸಿದವು. ಅಂದಿನಿಂದ ಚಳಿಗಾಲದಲ್ಲಿ ದೇಶವಿದೇಶಗಳ ಸ್ಕೀಗಾರರು ಇಲ್ಲಿ ನೆರೆಯುವುದು ವಾಡಿಕೆಯಾಯಿತು.

ತಂಗ್‌ಮರ್ಗದಿಂದ ಮೇಲಕ್ಕೆ 13 ಕಿಲೋಮೀಟರಿನ ಏರುದಾರಿ. ಎಂದಿನ ಜನವರಿಯಲ್ಲಾದರೆ ಗಾಡಿಯ ಚಕ್ರಗಳಿಗೆ ಸರಪಳಿ ಸುತ್ತಿಯೇ ಈ ದಾರಿಯನ್ನು ಹತ್ತಬೇಕು. ನಮ್ಮ ಗಾಡಿಯಾದರೋ ನಂದಿಬೆಟ್ಟವನ್ನು ಹತ್ತುವಂತೆ ಒಣದಾರಿಯಲ್ಲಿ ಸರಾಗವಾಗಿ ಏರಿತು. ಕೊನೆಯ ತಿರುವನ್ನು ದಾಟಿದೊಡನೆ ನಮ್ಮ ಮಗನು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿ, ಮತ್ತೆ ಒಳಕ್ಕೆಳೆದುಕೊಂಡು ಸುಮ್ಮನೆ ಕುಳಿತುಬಿಟ್ಟನು. ಹಾಲಿನ ಕೆನೆಯಂತೆ ಬಿಳಿದಾಗಿರಬೇಕಾಗಿದ್ದ ಬಯಲು ಬೇಸಗೆಯ ಕೆರೆಯಂಗಳದಂತೆ ಕಂದುಬಣ್ಣಕ್ಕೆ ತಿರುಗಿದ್ದಿತು. ಒಣಹುಲ್ಲಿನ ಮೇಲೆ ಕುದುರೆಗಳು ಮೇಯುತ್ತಿದ್ದವು. ಹಿಮದ ಮೇಲೆ ಪ್ರವಾಸಿಕರನ್ನು ಕುಳ್ಳಿರಿಸಿ ಎಳೆಯುವ ಮರದ ಸ್ಲೆಡ್ಜುಗಳನ್ನು ಗೋಡೆಗೆ ಒರಗಿಸಿ, ಅವುಗಳ ಒಡೆಯರು ಫೆರನ್ ಎಂಬ ದೊಗಳೆ ನಿಲುವಂಗಿಯೊಳಗೆ ಕೆಂಡದ ಕಾಂಗ್ರಿಯನ್ನು ಇಟ್ಟುಕೊಂಡು ಬಿಸಿಲಿನಲ್ಲಿ ಕುಳಿತಿದ್ದರು. ಅಫರ್ವಟ್‌ನ ನೆತ್ತಿಯಲ್ಲಿ ಮಾತ್ರ, ಹರಿದ ಪಂಚೆಯನ್ನು ಒಣಗಲು ಹರವಿದಂತೆ, ಅಲ್ಲಲ್ಲಿ ತೆಳುವಾದ ಬಿಳುಪು ಕಾಣುತ್ತಿದ್ದಿತು.

ನಮ್ಮಲ್ಲಿ ಮಳೆಗೆ ನಕ್ಷತ್ರಗಳಿರುವಂತೆ ಕಾಶ್ಮೀರದವರಲ್ಲಿ ಚಳಿಗೆ ಕಾಲವಿಭಾಗವಿದೆ. ಡಿಸೆಂಬರ್ 21ರಿಂದ ನಲವತ್ತು ದಿನಗಳು ಚಿಲ್ಲೈ ಕಲಾನ್ ಎಂಬ ಹಿರಿಯ ಚಳಿ; ಅದರ ತರುವಾಯ ಇಪ್ಪತ್ತು ದಿನಗಳು ಚಿಲ್ಲೈ ಖುರ್ದ್ ಎಂಬ ಕಿರಿಯ ಚಳಿ; ಕೊನೆಯ ಹತ್ತು ದಿನಗಳು ಚಿಲ್ಲೈ ಬಚ್ಚಾ ಎಂಬ ಮರಿಚಳಿ. ಹಿರಿಯ ಚಳಿಯಲ್ಲಿ ಬಿದ್ದ ಹಿಮವು ಗಟ್ಟಿಯಾಗಿ ಹೆಪ್ಪುಗಟ್ಟಿ ಬೆಟ್ಟಗಳ ಮೇಲೆ ನಿಲ್ಲುವುದು. ಬೇಸಗೆಯಲ್ಲಿ ಮೆಲ್ಲಮೆಲ್ಲನೆ ಕರಗಿ ತೊರೆಗಳನ್ನೂ ಝೇಲಂ ನದಿಯನ್ನೂ ತುಂಬುವುದು. ಮರಿಚಳಿಯಲ್ಲಿ ಬಿದ್ದ ಹಿಮವು ಅತಿಥಿಯಂತೆ ಬಂದು ಹೋಗಿಬಿಡುವುದು. ಆದುದರಿಂದ ಹಿಮವು ಬಾರದಿದ್ದರೆ ಅದು ಆಟಗಾರರ ಆಟ ಕೆಟ್ಟಷ್ಟಕ್ಕೇ ಮುಗಿಯುವುದಿಲ್ಲ. ಕಣಿವೆಯ ಬತ್ತದ ಗದ್ದೆಗೆ ನೀರಿಲ್ಲ, ಸೇಬಿನ ತೋಟಕ್ಕೆ ತೇವವಿಲ್ಲ, ಮನೆಯ ಕೊಡಕ್ಕೂ ಕೊರತೆ. ಆ ಜನವರಿಯಲ್ಲಿ ಕಣಿವೆಯ ಅನೇಕ ಮಸೀದಿಗಳಲ್ಲಿ ಹಿಮಕ್ಕಾಗಿ ವಿಶೇಷ ಪ್ರಾರ್ಥನೆಗಳು ನಡೆದವು. ಮಳೆಗಾಗಿ ಕಪ್ಪೆಯ ಮದುವೆ ಮಾಡುವ ನಮಗೆ ಅದರ ಮರ್ಮವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇದರ ಕಾರಣವೇನೆಂದು ವಾಚಕರು ಕೇಳಬಹುದು. ಕಾಶ್ಮೀರದ ಚಳಿಗಾಲದ ಹಿಮವು ನಮ್ಮ ಮುಂಗಾರಿನಿಂದ ಬರುವುದಲ್ಲ. ಮೆಡಿಟರೇನಿಯನ್ ಸಮುದ್ರದ ಆಸುಪಾಸಿನಲ್ಲಿ ಹುಟ್ಟುವ ವಾಯುಕ್ಷೋಭೆಗಳು ಇರಾನ್, ಆಫ್ಘಾನಿಸ್ಥಾನಗಳನ್ನು ದಾಟಿ ಪಡುವಣದಿಂದ ಬಂದು ಹಿಮಾಲಯಕ್ಕೆ ತಾಗಿ ಹಿಮವನ್ನು ಸುರಿಸುವುವು. ಆ ಚಳಿಗಾಲದಲ್ಲಿ ಇಂತಹ ಕ್ಷೋಭೆಗಳು ವಿರಳವಾಗಿಯೂ ದುರ್ಬಲವಾಗಿಯೂ ಇದ್ದವು. ಜಮ್ಮು ಕಾಶ್ಮೀರದಲ್ಲಿ 2023ರ ಡಿಸೆಂಬರ್ ತಿಂಗಳ ಮಳೆಹಿಮವು ವಾಡಿಕೆಗಿಂತ ಶೇಕಡ 80ರ ಸಮೀಪ ಕಡಿಮೆಯಾಯಿತು. ಜನವರಿಯ ಮೊದಲ ಮೂರು ವಾರಗಳಾದರೋ ಬಹುಮಟ್ಟಿಗೆ ಒಣಗಿಯೇ ಕಳೆದವು. ಪೆಸಿಫಿಕ್ ಸಾಗರವು ಬಿಸಿಯೇರುವ ಎಲ್ ನಿನೊ ಎಂಬ ಸ್ಥಿತಿಯೂ ಆ ವರ್ಷ ನೆಲೆಸಿದ್ದಿತು. ಇದಲ್ಲದೆ ಭೂಮಂಡಲವೇ ಕಾವೇರುತ್ತಿರುವುದು: ಅಳತೆಗಳು ದೊರೆಯುವ ಕಾಲದಲ್ಲೆಲ್ಲ 2023ನೆಯ ಇಸವಿಯೇ ಅದುವರೆಗಿನ ಅತಿ ಬಿಸಿಯ ವರ್ಷವೆನಿಸಿತು, 2024 ಅದನ್ನೂ ಮೀರಿಸಿತು. ಗಾಳಿಯು ಕೊಂಚ ಬೆಚ್ಚಗಾದರೆ ಹಿಮವಾಗಿ ಬೀಳಬೇಕಾದುದು ಮಳೆಯಾಗಿ ಬೀಳುವುದು; ಬಿದ್ದ ಹಿಮವೂ ಬೇಗ ಕರಗುವುದು.

ನಮಗೆ ಗೊತ್ತುಮಾಡಿದ್ದ ಸ್ಕೀ ಗುರುವು ಐವತ್ತರ ಪ್ರಾಯದವನು. ಇಪ್ಪತ್ತೈದು ಚಳಿಗಾಲಗಳಿಂದ ಅದೇ ಕೆಲಸ ಮಾಡುತ್ತಿದ್ದವನು. ಮೊದಲನೆಯ ದಿನವೇ ಬಂದು ಸಲಾಮು ಮಾಡಿ, "ಸಾಹೇಬರೇ, ಕಣ್ಣಿಗೆ ಕಾಣುತ್ತಿರುವುದೇ ಸಂಗತಿ. ನೀವು ಹಿಂದಿರುಗಿದರೆ ನನಗೆ ಬೇಸರವಿಲ್ಲ," ಎಂದನು. ಆ ಋತುವಿನಲ್ಲಿ ಅವನಿಗೆ ದೊರೆತ ಎರಡನೆಯ ಮನೆತನವೇ ನಮ್ಮದು. ಮಿಕ್ಕವರೆಲ್ಲರೂ ಬರುವುದನ್ನೇ ನಿಲ್ಲಿಸಿದ್ದರು. ಚಳಿಗಾಲದ ಮೂರು ತಿಂಗಳ ಗಳಿಕೆಯೇ ಅವನ ಮನೆಯ ವರ್ಷದ ಅಕ್ಕಿ.

ಇಲ್ಲಿ ನಮ್ಮದೊಂದು ತಪ್ಪನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಆ ಸಂಜೆ ಇನ್ನೊಬ್ಬ ತರುಣನು ನಮ್ಮ ಬಳಿಗೆ ಬಂದು, ಅಫರ್ವಟ್‌ನ ಮೇಲೆ ಹಿಮವಿರುವುದೆಂದೂ, ಹುಡುಗನನ್ನು ತಾನು ಅಲ್ಲಿಗೆ ಕರೆದೊಯ್ದು ಜಾರಿಸುವೆನೆಂದೂ ಹೇಳಿದನು. ಸಾವಿರಾರು ರೂಪಾಯಿ ವೆಚ್ಚಮಾಡಿ ಬಂದ ನಮಗೆ ಆ ಮಾತು ಹಿತವಾಗಿ ಕೇಳಿಸಿತು. ಬೆಳಗ್ಗೆ ಇದನ್ನು ಹಳೆಯ ಗುರುವಿಗೆ ತಿಳಿಸಲಾಗಿ ಅವನು ತುಸು ಹೊತ್ತು ಸುಮ್ಮನಿದ್ದು, ಬಳಿಕ ಹೇಳಿದನು: "ಅಲ್ಲಿ ಹಿಮವಿರುವುದು ನಿಜ. ಮೊಣಕಾಲೂ ಮುಚ್ಚದಷ್ಟು ಹಿಮ, ಅದರ ಕೆಳಗೆ ಬಂಡೆ. ಬಲ್ಲವನು ಬಂಡೆಯನ್ನು ತಪ್ಪಿಸಿಕೊಂಡಾನು. ಮೊದಲ ದಿನ ಹಲಗೆ ಕಟ್ಟಿದ ಹುಡುಗನ ಮೊಣಕಾಲು ಮುರಿದರೆ ಅಮ್ಮನವರಿಗೆ ಏನು ಜವಾಬು ಹೇಳುವಿರಿ? ಆ ದುಡ್ಡು ನನಗೆ ಬೇಡ." ನಮ್ಮ ಮನೆಯವರು ನಮ್ಮ ಮುಖವನ್ನು ನೋಡಿದರು. ನಾವು ತರುಣನಿಗೆ ಬೇಡವೆಂದು ಹೇಳಿಕಳುಹಿಸಿದೆವು.

ಆದರೆ ಗುರುವು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಹುಲ್ಲಿನ ಇಳಿಜಾರಿನ ಮೇಲೆಯೇ ಪಾಠವನ್ನು ಆರಂಭಿಸಿದನು. ಬೂಟನ್ನು ಹೇಗೆ ಬಿಗಿಯಬೇಕು; ಹಲಗೆ ಕಟ್ಟಿಕೊಂಡು ಅಡ್ಡಡ್ಡವಾಗಿ ಹೆಜ್ಜೆಯಿಟ್ಟು ಹೇಗೆ ಏರಬೇಕು; ಹಲಗೆಗಳ ಮೂಗನ್ನು ಕೂಡಿಸಿ ಬಾಲವನ್ನು ಅಗಲಿಸಿ ವೇಗವನ್ನು ಹೇಗೆ ತಡೆಯಬೇಕು; ಎಲ್ಲಕ್ಕೂ ಮಿಗಿಲಾಗಿ, ಬೀಳುವಾಗ ಯಾವ ಪಕ್ಕಕ್ಕೆ ಬೀಳಬೇಕು, ಬಿದ್ದ ಮೇಲೆ ಹೇಗೆ ಏಳಬೇಕು. ಕುದುರೆಯವರು ನೋಡಿ ನಗುತ್ತಿದ್ದರು. ಹುಡುಗನಿಗೆ ಮೊದಲ ದಿನ ನಾಚಿಕೆ. ಎರಡನೆಯ ದಿನ ಬೆವರು. ಮೂರನೆಯ ದಿನ ಅವನೇ ನಮ್ಮನ್ನು ಬೆಳಗಿನ ಜಾವ ಎಬ್ಬಿಸಿದನು. ಉಳಿದ ವೇಳೆಯಲ್ಲಿ ಗುರುವು ಅವನಿಗೆ ಹಲಗೆಗಳ ತಳಕ್ಕೆ ಮೇಣ ತಿಕ್ಕುವುದನ್ನೂ, ಅಂಚನ್ನು ಅರದಿಂದ ಹರಿತ ಮಾಡುವುದನ್ನೂ ಕಲಿಸಿದನು.

ಹಿಮಕ್ಕಾಗಿ ಕಾಯುವ ಈ ಕಷ್ಟವು ಗುಲ್ಮರ್ಗಕ್ಕೆ ಮಾತ್ರ ಮೀಸಲಾದುದಲ್ಲ, ಹೊಸದೂ ಅಲ್ಲ. 1928ರಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಸ್‌ನಲ್ಲಿ ಚಳಿಗಾಲದ ಒಲಿಂಪಿಕ್ ಪಂದ್ಯಗಳು ನಡೆದಾಗ ಬಿಸಿಗಾಳಿ ಬೀಸಿ ಮಂಜುಗಡ್ಡೆಯು ಕರಗಿ, 10,000 ಮೀಟರಿನ ಸ್ಕೇಟಿಂಗ್ ಪಂದ್ಯವನ್ನೇ ಕೈಬಿಡಬೇಕಾಯಿತು. 1964ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಹಿಮವೇ ಬೀಳದಿರಲು, ಆ ದೇಶದ ಸೈನಿಕರು ಎತ್ತರದ ಬೆಟ್ಟಗಳಿಂದ 40,000 ಘನ ಮೀಟರು ಹಿಮವನ್ನು ಹೊತ್ತು ತಂದು ಜಾರುದಾರಿಗಳಿಗೆ ಹರಡಿದರು. 20,000 ಮಂಜಿನ ಇಟ್ಟಿಗೆಗಳನ್ನು ಕಡಿದು ಸ್ಲೆಡ್ಜಿನ ಓಣಿಯನ್ನು ಕಟ್ಟಿದರು. 2010ರಲ್ಲಿ ಕೆನಡಾದ ವ್ಯಾಂಕೂವರ್ ಬಳಿಯ ಸೈಪ್ರೆಸ್ ಬೆಟ್ಟಕ್ಕೆ ಲಾರಿಗಳಲ್ಲಿಯೂ ಹೆಲಿಕಾಪ್ಟರುಗಳಲ್ಲಿಯೂ ಹಿಮವನ್ನು ಸಾಗಿಸಿ, ಹುಲ್ಲಿನ ಹೊರೆಗಳನ್ನು ಅಡಿಯಲ್ಲಿ ಹಾಸಿ, ಅದರ ಮೇಲೆ ಹಿಮದ ಲೇಪ ಕೊಟ್ಟರು. 2023ರ ಹೊಸವರ್ಷದ ದಿನ ಆಲ್ಪ್ಸ್ ಪರ್ವತಗಳ ಉತ್ತರಕ್ಕಿರುವ ಡೆಲೆಮೊನ್ ಪಟ್ಟಣದಲ್ಲಿ ಬಿಸಿಯು 20 ಡಿಗ್ರಿಯನ್ನು ಮೀರಿತು. ಅನೇಕ ಊರುಗಳಲ್ಲಿ ಹಸಿರು ಬೆಟ್ಟದ ನಡುವೆ ಬಿಳಿಯ ನಾಡದಂತೆ ಒಂದೇ ಒಂದು ಜಾರುದಾರಿ ಉಳಿಯಿತು. ನಮ್ಮ ಉತ್ತರಾಖಂಡದ ಔಲಿಯಲ್ಲಿಯೂ ಅದೇ ವರ್ಷ ಫೆಬ್ರವರಿಯಲ್ಲಿ ನಡೆಯಬೇಕಾಗಿದ್ದ ಪಂದ್ಯಗಳು ಹಿಮದ ಕೊರತೆಯಿಂದ ನಿಂತುಹೋದವು.

ಆ ಬಿಳಿಯ ನಾಡವು ಯಂತ್ರದಿಂದ ಮಾಡಿದ ಹಿಮ. ಈ ಯಂತ್ರದ ಹುಟ್ಟೂ ಹಿಮವಿಲ್ಲದ ಒಂದು ಚಳಿಗಾಲದಲ್ಲಿಯೇ ಆಯಿತೆಂಬುದು ಸೋಜಿಗ. ಅಮೆರಿಕದ ಕನೆಕ್ಟಿಕಟ್ ಪ್ರಾಂತ್ಯದಲ್ಲಿ ಸ್ಕೀ ಹಲಗೆಗಳನ್ನು ಮಾಡುತ್ತಿದ್ದ ಮೂವರು ಪಾಲುದಾರರು, 1949ರ ಚಳಿಗಾಲದಲ್ಲಿ ಹಿಮ ಬೀಳದೆ ಸರಕು ಕೊಳ್ಳುವವರಿಲ್ಲದಿರಲು, 1950ರಲ್ಲಿ ಒತ್ತಿದ ಗಾಳಿಯನ್ನೂ ನೀರನ್ನೂ ಕೂಡಿಸಿ ಸಿಂಪಡಿಸುವ ಬಂದೂಕವನ್ನು ಕಟ್ಟಿದರು. ನೀರು ಸಣ್ಣ ಹನಿಗಳಾಗಿ ಚಿಮ್ಮಿ, ನೆಲಕ್ಕೆ ಬೀಳುವುದರೊಳಗಾಗಿ ಹೆಪ್ಪುಗಟ್ಟುವುದು. ಬೇಸಗೆಯಲ್ಲಿ ನೀರಿನ ಹೂಜಿಗೆ ಒದ್ದೆಬಟ್ಟೆ ಸುತ್ತಿದರೆ ನೀರು ತಂಪಾಗುವುದನ್ನು ಗೃಹಿಣಿಯರೆಲ್ಲರೂ ಬಲ್ಲರು. ಹನಿಯ ಹೊರಮೈ ಆರುವಾಗ ಒಳಗಿನ ಕಾವನ್ನು ಹೊತ್ತೊಯ್ಯುವುದೇ ಇದರ ಗುಟ್ಟು. ಆದುದರಿಂದಲೇ ಗಾಳಿಯು ಒಣಗಿದ್ದಷ್ಟೂ ಹಿಮ ಮಾಡುವುದು ಸುಲಭ. ಆದರೆ ಒದ್ದೆಬಟ್ಟೆ ಸುತ್ತಿದ ಉಷ್ಣಮಾಪಕವು ಸೊನ್ನೆಗಿಂತ ಎರಡು ಡಿಗ್ರಿಯಷ್ಟಾದರೂ ಕೆಳಗಿಳಿಯದಿದ್ದರೆ ಯಂತ್ರವು ಬರಿಯ ತುಂತುರು ಮಳೆಯನ್ನು ಸುರಿಸುವುದೇ ಹೊರತು ಹಿಮವನ್ನಲ್ಲ. ಒಂದು ಹೆಕ್ಟೇರು ನೆಲಕ್ಕೆ ಒಂದಡಿ ಹಿಮ ಹಾಸಬೇಕಾದರೆ ಸುಮಾರು ಹತ್ತು ಲಕ್ಷ ಲೀಟರು ನೀರು ಬೇಕು. ತೊರೆಗಳು ಬತ್ತಿರುವ ವರ್ಷದಲ್ಲಿ ಆ ನೀರನ್ನು ಯಾರ ಕೊಡದಿಂದ ತೆಗೆಯುವುದೆಂಬ ಪ್ರಶ್ನೆಯು ಎಲ್ಲ ಕಡೆಯಲ್ಲಿಯೂ ಏಳುವುದು.

2022ರಲ್ಲಿ ಚೀನಾದ ಬೀಜಿಂಗ್‌ನಲ್ಲಿ ನಡೆದ ಒಲಿಂಪಿಕ್ ಚಳಿಗಾಲದ ಪಂದ್ಯಗಳು ಬಹುಮಟ್ಟಿಗೆ ಪೂರ್ತಿಯಾಗಿ ಯಂತ್ರಹಿಮದ ಮೇಲೆಯೇ ಜರುಗಿದವು. ಭಾರತದಿಂದ ಅಲ್ಲಿಗೆ ಹೋದ ಏಕಮಾತ್ರ ಆಟಗಾರರು ಗುಲ್ಮರ್ಗದ ಇಳಿಜಾರುಗಳಲ್ಲಿ ಕಲಿತ ಆರಿಫ್ ಖಾನ್. ಅವರು ಜಯಂಟ್ ಸ್ಲಾಲಮ್ ಎಂಬ ಪಂದ್ಯದಲ್ಲಿ 45ನೆಯ ಸ್ಥಾನವನ್ನು ಪಡೆದರು. ದೇವರು ಸುರಿಸಿದ ಹಿಮದಲ್ಲಿ ಕಲಿತವನು ಯಂತ್ರ ಸುರಿಸಿದ ಹಿಮದಲ್ಲಿ ಓಡಿದನೆಂದು ನಮ್ಮ ಗುರುವು ಹೆಮ್ಮೆಯಿಂದಲೇ ಹೇಳಿದನು.

ಇನ್ನು ಕೆಲವರು ಹಿಮವನ್ನು ನಮ್ಮ ಹಳ್ಳಿಗರು ಹಗೇವಿನಲ್ಲಿ ರಾಗಿಯನ್ನಿಡುವಂತೆ ಕೂಡಿಡುವರು. ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಚಳಿಗಾಲದ ಕೊನೆಗೆ ಹಿಮವನ್ನು ಗುಡ್ಡೆ ಹಾಕಿ, ಅದರ ಮೇಲೆ ಮೊಳದುದ್ದಕ್ಕೆ ಸಮೀಪವಾಗಿ ಮರದ ಹೊಟ್ಟನ್ನು ಮುಚ್ಚಿಡುವರು. ಬೇಸಗೆಯ ಬಿಸಿಲಿನಲ್ಲಿಯೂ ಅದರ ಬಹುಭಾಗವು ಉಳಿದು, ಅಕ್ಟೋಬರಿನ ಕೊನೆಯ ಹೊತ್ತಿಗೆ ಸಮನೆಲದ ಸ್ಕೀಗಾರರಿಗೆ ದಾರಿಯೊಂದನ್ನು ಹಾಸಲು ಒದಗುವುದು. ಸಮನೆಲದ ಸ್ಕೀಗಾರರಲ್ಲಿ ಮತ್ತೊಂದು ಉಪಾಯವೂ ಇದೆ. ಪುಟ್ಟ ಗಾಲಿಗಳುಳ್ಳ ಗಿಡ್ಡ ಹಲಗೆಗಳನ್ನು ಕಟ್ಟಿಕೊಂಡು ಅವರು ಟಾರು ರಸ್ತೆಯ ಮೇಲೆಯೇ ಅಭ್ಯಾಸ ಮಾಡುವರು. ಈ ಬಗೆಯ ಸ್ಕೀ ಓಟದಲ್ಲಿ ಹೆಸರು ಪಡೆದವರೊಬ್ಬರು, ಹಿಮವನ್ನೇ ಕಾಣದ ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಎಂದರೆ ವಾಚಕರಿಗೆ ಸಂತೋಷವಾಗಬಹುದು. ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ಕರ್ನಾಟಕದ ಪರವಾಗಿ ಚಿನ್ನದ ಪದಕಗಳನ್ನು ಗಳಿಸಿದ ಆಕೆಯು 2025ರಲ್ಲಿ ಚಿಲಿ ದೇಶದ ಅಂತರರಾಷ್ಟ್ರೀಯ ಪಂದ್ಯವೊಂದರಲ್ಲಿ ಕಂಚಿನ ಪದಕವನ್ನು ಪಡೆದರು. ಕಾಫಿಯ ತೋಟದ ನಾಡಿನವರಿಗೂ ಹಿಮದ ವಿದ್ಯೆ ಒಲಿಯುವುದುಂಟು.

ನಾಲ್ಕನೆಯ ದಿನ ನಾವು ಹೊರಟೆವು. ಗುರುವು ಗೊತ್ತಾದ ಸಂಬಳದಲ್ಲಿ ಅರ್ಧವನ್ನು ಮಾತ್ರ ಎಣಿಸಿಕೊಂಡು, ಹುಲ್ಲಿನ ಪಾಠಕ್ಕೆ ಇಷ್ಟೇ ಸಾಕೆಂದನು. ನಮ್ಮ ಮನೆಯವರು ಉಳಿದುದನ್ನು ಅವನ ಕೈಯಲ್ಲಿಟ್ಟು, "ನೀವು ಬೇಡವೆಂದು ಹೇಳಿದಿರಲ್ಲ, ಅದಕ್ಕೆ ಇದು," ಎಂದರು. ಅವನು ಬಹಳ ಹೊತ್ತು ಒಪ್ಪದೆ, ಕೊನೆಗೆ ಉಪ್ಪಿನ ಚಹವನ್ನು ಕುಡಿಸಿಯೇ ನಮ್ಮನ್ನು ಕಳುಹಿಸಿದನು.

ಹಿರಿಯ ಚಳಿಯು ಮುಗಿಯುವ ಕಡೆಯ ದಿನಗಳಲ್ಲಿ, ಜನವರಿಯ ಕೊನೆಗೆ, ಗುಲ್ಮರ್ಗದಲ್ಲಿ ಹಿಮವು ಬಿದ್ದಿತು. ಫೆಬ್ರವರಿ ತಿಂಗಳಲ್ಲಿ ಧಾರಾಳವಾಗಿಯೇ ಬಿದ್ದಿತು. ಖೇಲೋ ಇಂಡಿಯಾ ಕ್ರೀಡೆಗಳು 21ರಿಂದ 25ರವರೆಗೆ ಅಲ್ಲಿ ನಡೆದವು. ಆದರೆ ಹಿಮವು ತಡವಾಗಿ, ಒಮ್ಮೆಗೇ, ಹೆಚ್ಚಾಗಿ ಬಂದಾಗ ಬೇರೊಂದು ಅಪಾಯವಿದೆ. ಮೊದಲು ಬಿದ್ದ ತೆಳುಹಿಮವು ಒಣಹವೆಯಲ್ಲಿ ವಾರಗಟ್ಟಲೆ ನಿಂತರೆ ಒಂದಕ್ಕೊಂದು ಅಂಟದ ಸಕ್ಕರೆಯ ಹರಳಿನಂತಾಗುವುದು. ಅದರ ಮೇಲೆ ಹೊಸ ಹಿಮದ ಭಾರ ಕೂಡಿದರೆ ರಾಗಿಯ ರಾಶಿಯ ಮೇಲೆ ಚಪ್ಪಡಿಯನ್ನಿಟ್ಟಂತೆ ಇಡಿಯ ಪದರವೇ ಜಾರಿಬಿಡುವುದು. ಫೆಬ್ರವರಿ 22ರಂದು, ಕ್ರೀಡೆಗಳು ನಡೆಯುತ್ತಿದ್ದಾಗಲೇ, ಮೇಲಿನ ಇಳಿಜಾರಿನಲ್ಲಿ ಹಿಮಪಾತವಾಗಿ ರಷ್ಯಾ ದೇಶದ ಸ್ಕೀಗಾರನೊಬ್ಬನು ಮೃತನಾದನು. ಅವನ ಸಂಗಡಿಗರನ್ನು ಉಳಿಸಿ ತಂದರು. ಆ ಸುದ್ದಿಯನ್ನು ಓದಿದ ದಿನ ನಮ್ಮ ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಮರುವರ್ಷ, 2025ರಲ್ಲಿ, ಮತ್ತೆ ಹಿಮ ಸಾಲದೆ, ಫೆಬ್ರವರಿಗೆ ಗೊತ್ತಾಗಿದ್ದ ಕ್ರೀಡೆಗಳು ಮಾರ್ಚ್ 9ರಿಂದ 12ಕ್ಕೆ ಮುಂದೆ ಹೋದವು.

ಹಿಮವನ್ನು ನೋಡಲೆಂದು ಮಕ್ಕಳುಮರಿಗಳೊಡನೆ ಹೊರಡುವ ಗೃಹಸ್ಥರು ಈಗೀಗ ನಮ್ಮಲ್ಲಿ ಬಹುಮಂದಿ. ಅವರಿಗೆ ನಾವು ಎರಡು ಮೂರು ಮಾತುಗಳನ್ನು ಹೇಳಬಯಸುವೆವು. ಡಿಸೆಂಬರಿನ ಮೊದಲ ವಾರಗಳನ್ನು ನಂಬಿ ಹೊರಡಬಾರದು. ಜನವರಿಯ ಕೊನೆಯಿಂದ ಫೆಬ್ರವರಿಯ ನಡುವಿನವರೆಗಿನ ಕಾಲವು ಹೆಚ್ಚು ಭರವಸೆಯದು. ಮುಂಗಡ ಕೊಡುವಾಗ ದಿನವನ್ನು ಬದಲಿಸಲು ಅವಕಾಶವಿದೆಯೇ ಎಂದು ಕೇಳಿಕೊಳ್ಳಬೇಕು. ಹಿಮವಿಲ್ಲದಿದ್ದರೆ ವೆಚ್ಚ ಮಾಡಿದ ಹಣವನ್ನು ನೆನೆದು ಗುರುವನ್ನು ಒತ್ತಾಯಪಡಿಸಬಾರದು. ಬೇಡವೆನ್ನುವ ಗುರುವಿಗೆ ಸಂಬಳವನ್ನು ಕಡಿಮೆ ಮಾಡಬಾರದು. ಬೇಡವೆಂದು ಹೇಳುವುದರಿಂದ ನಷ್ಟವಾಗುವಂತಿದ್ದರೆ, ಬರಬರುತ್ತ ಹಾಗೆ ಹೇಳುವವರೇ ಇಲ್ಲವಾಗುವರು.

ಫೆಬ್ರವರಿಯ ಮೊದಲ ವಾರ ಆ ಗುರುವು ನಮಗೊಂದು ಛಾಯಾಚಿತ್ರವನ್ನು ಕಳುಹಿಸಿದ್ದನು. ನಮ್ಮ ಮಗನು ಬಿದ್ದು ಎದ್ದು ಕಲಿತ ಅದೇ ಇಳಿಜಾರು. ಹುಲ್ಲಿನ ಒಂದು ಎಸಳೂ ಕಾಣದಂತೆ ಬೆಳ್ಳಗೆ ಮುಚ್ಚಿಹೋಗಿದ್ದಿತು. ಹುಡುಗನು ಅದನ್ನು ಬಹಳ ಹೊತ್ತು ನೋಡುತ್ತಿದ್ದು, "ಈ ಸಲ ಅವರ ಮನೆಗೆ ಅಕ್ಕಿ ಬಂದಿರಬೇಕು ಅಲ್ಲವೇ, ಅಪ್ಪ?" ಎಂದು ಕೇಳಿದನು. ಹಿಮದ ಮೇಲೆ ಅವನು ಒಂದು ಸಲವೂ ಜಾರಲಿಲ್ಲ. ಆದರೂ ಆ ಪ್ರಯಾಣಕ್ಕೆ ಇಟ್ಟ ಹಣವು ವ್ಯರ್ಥವಾಯಿತೆಂದು ನಾವು ಅಂದಿನಿಂದ ಎಣಿಸಿಲ್ಲ.